ಉಣ್ಣೆಗೂ ಮಾಂಸಕ್ಕೂ ಯಾವ ಕುರಿ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ತಳಿ ಆಯ್ಕೆಯ ಹೋಲಿಕೆ

ಇಂಗ್ಲೆಂಡಿನ ಲಿಂಕನ್ ಕುರಿಯನ್ನು ವಿಡಿಯೊದಲ್ಲಿ ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ಸುರುಳಿ ಸುರುಳಿಯಾಗಿ ಇಳಿಬಿದ್ದ ಹೊಳಪಿನ ಉಣ್ಣೆ, ನೂರು ಕೆಜಿ ದಾಟಿದ ಟಗರು, ವರ್ಷಕ್ಕೆ ಒಂದೇ ಕುರಿಯಿಂದ ಆರೇಳು ಕೆಜಿ ಉಣ್ಣೆ. ನಮ್ಮ ಕರಿ ಕುರಿಯ ಮೇಲೆ ಒಂದು ಸಲ ಕತ್ತರಿ ಆಡಿಸಿದರೆ ಸಿಗುವುದು ಅರ್ಧ ಕೆಜಿಯ ಆಸುಪಾಸು, ಎಷ್ಟೋ ಕುರಿಗಳಿಗೆ ಅದಕ್ಕೂ ಕಡಿಮೆ. ಹೀಗಿರುವಾಗ ಅಥಣಿ, ಇಂಡಿ, ಹುನಗುಂದದ ಕಡೆಯ ಹುಡುಗರು "ಇಂಥಾ ತಳಿ ನಾವ್ಯಾಕ ಸಾಕಬಾರದು? ಉಣ್ಣಿನೂ ಬರತೈತಿ, ಮಾಂಸನೂ ಬರತೈತಿ" ಎಂದು ಕೇಳುವುದು ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೂರು ಜಿಲ್ಲೆಗಳಿಗೆ ಉದ್ದ ಉಣ್ಣೆಯ ವಿದೇಶಿ ತಳಿ ಒಗ್ಗುವುದಿಲ್ಲ. ಉಣ್ಣೆ, ಮಾಂಸ ಎರಡೂ ಬೇಕೆನ್ನುವವರಿಗೆ ಜಾಣತನದಿಂದ ಆರಿಸಿ ಬೆಳೆಸಿದ ಡೆಕ್ಕನಿ, ಅಂದರೆ ನಮ್ಮ ಕರಿ ಕುರಿಯೇ ಸರಿ. ಮಾಂಸ ಮಾತ್ರ ಸಾಕೆನ್ನುವವರು ಎಳಗ, ಮಾಡಗ್ಯಾಳ, ಕೆಂಗುರಿ ಕಡೆಗೆ ನೋಡಲಿ. ಈ ತೀರ್ಮಾನಕ್ಕೆ ಬರುವ ದಾರಿಯನ್ನೂ ವಿವರವಾಗಿ ಬರೆಯುತ್ತಿದ್ದೇನೆ. ಲಿಂಕನ್ ಯಾಕೆ ಬೇಡ ಎನ್ನುವುದಕ್ಕೆ ಇರುವ ಕಾರಣಗಳೇ ಮಿಕ್ಕ ತಳಿಗಳಲ್ಲಿ ಯಾವುದು ನಿಮ್ಮ ಹೊಲಕ್ಕೆ, ನಿಮ್ಮ ಕೈಗೆ ಹೊಂದುತ್ತದೆ ಎಂಬುದನ್ನೂ ತೋರಿಸಿಕೊಡುತ್ತವೆ.

ತಳಿಯ ಹೆಸರು ಎತ್ತುವ ಮೊದಲು ಎರಡು ಮಾತು ಇತ್ಯರ್ಥವಾಗಬೇಕು. ಉಣ್ಣೆ ಕತ್ತರಿಸಿದ ಮೇಲೆ ಅದನ್ನು ಕೊಳ್ಳುವವರು ಯಾರು, ಎಲ್ಲಿದ್ದಾರೆ? ನಿಮ್ಮ ಕುರಿ ದಿನಾ ನಡೆದು ಮೇಯುತ್ತದೆಯೋ, ಶೆಡ್ಡಿನಲ್ಲಿ ನಿಂತು ತಿನ್ನುತ್ತದೆಯೋ? ಇವೆರಡಕ್ಕೆ ಉತ್ತರ ಇಟ್ಟುಕೊಂಡೇ ಮುಂದೆ ಓದಿ.

ಉದ್ದ ಉಣ್ಣೆಯ ತಳಿಗಳು ಏನು, ಯಾಕೆ

ಲಿಂಕನ್, ಲೆಸ್ಟರ್, ಬಾರ್ಡರ್ ಲೆಸ್ಟರ್, ರೋಮ್ನಿ, ಕಾಟ್ಸ್‌ವೋಲ್ಡ್ ಇವು ಈ ಗುಂಪಿನ ಹೆಸರಾಂತ ಕುರಿಗಳು. ಎಲ್ಲವೂ ತಂಪು ಹವೆಯಲ್ಲಿ, ವರ್ಷದ ಬಹುಪಾಲು ಹಸಿರಾಗಿರುವ ಹುಲ್ಲುಗಾವಲಿನಲ್ಲಿ ಬೆಳೆದು ಬಂದವು. ಲಿಂಕನ್ ಉಣ್ಣೆಯ ಎಳೆ 20ರಿಂದ 38 ಸೆಂ.ಮೀ. ಉದ್ದ ಬರುತ್ತದೆ. ರೋಮ್ನಿ ಇಂಗ್ಲೆಂಡಿನ ಕೆಂಟ್ ಪ್ರದೇಶದ ಜೌಗು ನೆಲದ ಕುರಿ. ಅದರ ಎಳೆ ಇನ್ನೂ ಚಿಕ್ಕದು, ಆದರೆ ಗೊರಸು ಕೊಳೆಯುವ ರೋಗವನ್ನು ಬೇರೆ ತಳಿಗಳಿಗಿಂತ ಚೆನ್ನಾಗಿ ತಡೆಯುತ್ತದೆ ಎಂಬ ಹೆಸರಿದೆ.

ಉದ್ದ ಉಣ್ಣೆ ಎಂದರೆ ಮೆತ್ತನೆಯ ಉಣ್ಣೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೆತ್ತಗಿರುವುದು ಮೆರಿನೋ, ಅದರ ಎಳೆಯ ದಪ್ಪ 24 ಮೈಕ್ರಾನಿನ ಒಳಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಲಿಂಕನ್ ಎಳೆ 33ರಿಂದ 41 ಮೈಕ್ರಾನ್. ನಮ್ಮ ಡೆಕ್ಕನಿಯದು 50ರ ಆಸುಪಾಸು. ಅಂದರೆ ದಪ್ಪದ ಲೆಕ್ಕದಲ್ಲಿ ಲಿಂಕನ್ ಮೆರಿನೋಗಿಂತ ಡೆಕ್ಕನಿಗೇ ಹತ್ತಿರ. ವ್ಯತ್ಯಾಸ ಇರುವುದು ಉದ್ದದಲ್ಲಿ, ಹೊಳಪಿನಲ್ಲಿ, ಎಳೆಯ ಒಳಗಿನ ರಚನೆಯಲ್ಲಿ. ಲಿಂಕನ್ ಎಳೆ ಬಹುತೇಕ ಗಟ್ಟಿ ತಿರುಳಿನದು. ಡೆಕ್ಕನಿ ಉಣ್ಣೆಯಲ್ಲಿ ಒಳಗೆ ಟೊಳ್ಳಾದ ಎಳೆಗಳು ಸಾಕಷ್ಟು ಬೆರೆತಿರುತ್ತವೆ, ಅವು ಬೇಗ ತುಂಡಾಗುತ್ತವೆ, ಬಣ್ಣವನ್ನು ಸಮನಾಗಿ ಹಿಡಿಯುವುದಿಲ್ಲ. ಜೊತೆಗೆ ಡೆಕ್ಕನಿಯ ಹುಟ್ಟುಬಣ್ಣವೇ ಕಪ್ಪು. ಗಿರಣಿಯವರು ಅದನ್ನು ಬಿಳಿ ಉಣ್ಣೆಯ ಬೆಲೆಗೆ ಕೊಳ್ಳದಿರುವುದಕ್ಕೆ ಕಾರಣಗಳು ಇವು.

ಹಾಗಾದರೆ ಲಿಂಕನ್ ತಂದರೆ ಉಣ್ಣೆಗೆ ಬೆಲೆ ಬರಬೇಕಲ್ಲ? ಅಷ್ಟು ಉದ್ದದ ಎಳೆಯನ್ನು ಬಾಚಿ ನೂಲಾಗಿಸಲು ಬೇರೆಯದೇ ಯಂತ್ರ ಬೇಕು. ಅದರ ಬಳಕೆ ಸೋಫಾದ ಬಟ್ಟೆ, ರತ್ನಗಂಬಳಿ, ಗೊಂಬೆಯ ಕೂದಲಿನಂಥ ಕೆಲಸಕ್ಕೆ. ನಮ್ಮ ಕಡೆ ಉಣ್ಣೆ ಕೆಲಸ ಬಲ್ಲವರೆಂದರೆ ಕಂಬಳಿ ನೇಯುವವರು. ಅವರು ಬಿಲ್ಲಿನಿಂದ ಹಿಂಜುವುದು, ರಾಟಿಯಲ್ಲಿ ನೂಲುವುದು, ಗುಂಡಿ ಮಗ್ಗದಲ್ಲಿ ನೇಯುವುದು ಎಲ್ಲವೂ ಗಿಡ್ಡ ಎಳೆಗೆ ಹೊಂದಿಸಿದ ಕಸುಬು. ಒಂದು ಗೇಣುದ್ದದ ಎಳೆ ಬಿಲ್ಲಿಗೆ ಸಿಕ್ಕರೆ ಹಿಂಜುವುದಿಲ್ಲ, ಸುತ್ತಿಕೊಳ್ಳುತ್ತದೆ. ಇನ್ನೊಂದು ಸತ್ಯವನ್ನೂ ಗಮನಿಸಬೇಕು: ಇಂಥ ದಪ್ಪ ಉಣ್ಣೆಯ ಬೆಲೆ ಬ್ರಿಟನ್ನಿನಲ್ಲಿ, ನ್ಯೂಜಿಲೆಂಡಿನಲ್ಲಿ ಎಷ್ಟು ಕುಸಿದಿದೆ ಎಂದರೆ ಕತ್ತರಿಸುವ ಕೂಲಿಯೂ ಹುಟ್ಟದೆ, ಅಲ್ಲಿನ ರೈತರು ಉಣ್ಣೆ ತಾನಾಗಿ ಉದುರುವ ತಳಿಗಳ ಕಡೆ ಹೊರಳುತ್ತಿದ್ದಾರೆ. ಹುಟ್ಟಿದ ನಾಡಿನಲ್ಲೇ ಸಂಬಳ ಗಿಟ್ಟಿಸದ ಉಣ್ಣೆಗೆ ನಮ್ಮಲ್ಲಿ ಗಿರಾಕಿ ಹುಡುಕುವುದು ಬಹಳ ದೂರದ ಮಾತು.

ಮೇವಿನ ಲೆಕ್ಕ ಹಾಕೋಣ. ಕುರಿಯೊಂದು ದಿನಕ್ಕೆ ತನ್ನ ತೂಕದ ಶೇ 3ರಷ್ಟು ಒಣ ಮೇವು ತಿನ್ನುತ್ತದೆ ಎಂದು ಹಿಡಿಯಿರಿ. 90 ಕೆಜಿಯ ಲಿಂಕನ್ ಹೆಣ್ಣಿಗೆ 2.7 ಕೆಜಿ, 30 ಕೆಜಿಯ ಡೆಕ್ಕನಿಗೆ 900 ಗ್ರಾಂ. ಒಂದು ಲಿಂಕನ್ ತಿನ್ನುವುದರಲ್ಲಿ ಮೂರು ಡೆಕ್ಕನಿ ಬದುಕುತ್ತವೆ, ಮೂರು ಮರಿ ಕೊಡುತ್ತವೆ. ಅಷ್ಟೇ ಅಲ್ಲ, ಡೆಕ್ಕನಿ ಆ ಮೇವನ್ನು ಕಡಲೆ ಕಿತ್ತ ಹೊಲದಲ್ಲಿ, ಜೋಳದ ಕೂಳಿಯಲ್ಲಿ, ಜಾಲಿ ಗಿಡದ ಕೆಳಗೆ ತಾನೇ ಆರಿಸಿಕೊಂಡು ತಿನ್ನುತ್ತದೆ. ಲಿಂಕನ್ನಿಗೆ ನೀವೇ ಕತ್ತರಿಸಿ ಮುಂದಿಡಬೇಕು.

ಬಿಸಿಲು ಇದಕ್ಕಿಂತ ದೊಡ್ಡ ತೊಡಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಯಲಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ದಟ್ಟ ಉಣ್ಣೆಯ ಭಾರಿ ಮೈಯ ಟಗರಿಗೆ ಆ ಕಾವಿನಲ್ಲಿ ಬೀಜಶಕ್ತಿ ಕುಗ್ಗುತ್ತದೆ. ವೀರ್ಯಕಣ ತಯಾರಾಗಲು ಸುಮಾರು ಏಳು ವಾರ ಬೇಕಾದ್ದರಿಂದ ಬಿಸಿಲು ಇಳಿದ ಮೇಲೂ ಒಂದೆರಡು ತಿಂಗಳು ಹೆಣ್ಣುಗಳು ಗಬ್ಬ ನಿಲ್ಲದೆ ಹೋಗುತ್ತವೆ. ಈ ತಳಿಗಳ ಹೆಣ್ಣುಗಳು ಬೆದೆಗೆ ಬರುವುದೂ ಹಗಲು ಗಿಡ್ಡವಾಗುವ ಋತುವಿನಲ್ಲಿ, ವರ್ಷಕ್ಕೊಂದೇ ಹಂಗಾಮು. ನಮ್ಮ ಕುರಿಗಳಿಗೆ ಆ ಕಟ್ಟು ಇಲ್ಲ. ಮೇವು ಸಿಕ್ಕರೆ ವರ್ಷದ ಯಾವ ಕಾಲದಲ್ಲೂ ಗಬ್ಬ ನಿಲ್ಲುತ್ತವೆ, ಚೆನ್ನಾಗಿ ಮೇಯಿಸಿದರೆ ಎರಡು ವರ್ಷಕ್ಕೆ ಮೂರು ಸಲ ಮರಿ ಹಾಕುತ್ತವೆ. ಮಾಂಸದ ಆದಾಯ ನಿಂತಿರುವುದು ಇದರ ಮೇಲೆ.

ಉದ್ದ ಉಣ್ಣೆಯೊಳಗೆ ಉತ್ತರಾಣಿ, ನೆಗ್ಗಿಲು ಮುಳ್ಳು, ಸೂಜಿ ಹುಲ್ಲಿನ ತೆನೆ ಹೊಕ್ಕರೆ ಬಿಡಿಸುವವರಿಲ್ಲ. ಚರ್ಮಕ್ಕೆ ಚುಚ್ಚಿ ಗಾಯವಾಗಿ ಹುಳ ಬೀಳುತ್ತದೆ. ಮಳೆಗಾಲದಲ್ಲಿ ಗುಂಗಾಡಿನಂಥ ಸಣ್ಣ ನೊಣಗಳು ಹರಡುವ ನೀಲಿ ನಾಲಿಗೆ ರೋಗ ದೇಸಿ ಕುರಿಗಿಂತ ವಿದೇಶಿ ಉಣ್ಣೆ ತಳಿಗಳನ್ನು ಹೆಚ್ಚು ಕಾಡುತ್ತದೆ. ಮಾಂಸದಲ್ಲೂ ಈ ತಳಿಗಳು ಚರ್ಮದಡಿ ಕೊಬ್ಬು ಕಟ್ಟುವ ಸ್ವಭಾವದವು. ನಮ್ಮ ಗಿರಾಕಿ ಕೇಳುವುದು ಎಳೆ ಟಗರುಮರಿಯ ಕೆಂಪು ಮಾಂಸ, ಕೊಬ್ಬಿಗೆ ಯಾರೂ ದುಡ್ಡು ಕೊಡುವುದಿಲ್ಲ. ಇಷ್ಟೆಲ್ಲದರ ಮೇಲೆ ವಿದೇಶದಿಂದ ಜೀವಂತ ಕುರಿ ತರಲು ಕೇಂದ್ರ ಸರ್ಕಾರದ ಪಶುಪಾಲನಾ ಇಲಾಖೆಯ ಅನುಮತಿ ಬೇಕು, ರೋಗ ತಪಾಸಣೆಗೆ ಪ್ರತ್ಯೇಕ ಇಡಬೇಕು. ಆದ್ದರಿಂದ "ಲಿಂಕನ್ ಮರಿ ಸಿಗತೈತಿ, ಮುಂಗಡ ಹಾಕ್ರಿ" ಎಂದು ಫೋನಿನಲ್ಲಿ ಹೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ನಮ್ಮ ದೇಶಕ್ಕೆ ಈ ರಕ್ತ ಬಂದೇ ಇಲ್ಲ ಎಂದೇನೂ ಅಲ್ಲ. ಲಿಂಕನ್ ಮತ್ತು ಮೆರಿನೋ ಕೂಡಿಸಿ 19ನೇ ಶತಮಾನದಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಬೆಳೆಸಿದ ಕಾರಿಡೇಲ್ ತಳಿ, ಉಣ್ಣೆ ಮಾಂಸ ಎರಡಕ್ಕೂ ಹೆಸರಾದದ್ದು, ಹರಿಯಾಣದ ಹಿಸಾರ್‌ನಲ್ಲಿ ಆಸ್ಟ್ರೇಲಿಯಾದ ಸಹಕಾರದಿಂದ ಶುರುವಾದ ಕೇಂದ್ರ ಕುರಿ ಸಂವರ್ಧನಾ ಕ್ಷೇತ್ರಕ್ಕೆ ಬಂದಿತ್ತು. ದಖ್ಖನಿನ ಕರಿ ಕುರಿಗಳ ಮೇಲೆ ನಯ ಉಣ್ಣೆಯ ಮೆರಿನೋ, ರ‍್ಯಾಂಬುಲೆ ಟಗರು ಬಿಡುವ ಪ್ರಯೋಗವೂ ಕಳೆದ ಶತಮಾನದಲ್ಲಿ ನಡೆಯಿತು. ಮಿಶ್ರತಳಿಯ ಉಣ್ಣೆ ನಯವಾಯಿತು, ನಿಜ. ಆದರೆ ಕಂಬಳಿಗೆ ಬೇಕಾದ ಕಪ್ಪು ಬಣ್ಣವೂ ಬಿರುಸೂ ಕಳೆದವು, ನಯವಾದ ಉಣ್ಣೆಯನ್ನು ಬೇರೆ ಮಾಡಿ ಹೆಚ್ಚಿನ ಬೆಲೆಗೆ ಕೊಳ್ಳುವ ವ್ಯವಸ್ಥೆ ಬರಲಿಲ್ಲ, ಹಿಂಡಿನ ಜೊತೆ ದಿನವಿಡೀ ನಡೆಯುವ ತಾಕತ್ತೂ ಇಳಿಯಿತು. ಅಲೆಮಾರಿ ಕುರಿಗಾರರು ಅದನ್ನು ಇಟ್ಟುಕೊಳ್ಳಲಿಲ್ಲ. ನಯ ಉಣ್ಣೆ ದಕ್ಷಿಣದಲ್ಲಿ ನಿಂತದ್ದು ನೀಲಗಿರಿ, ಕೊಡೈಕೆನಾಲಿನಂಥ ತಂಪು ಬೆಟ್ಟಗಳ ಮೇಲೆ. ನಮ್ಮ ಎರೆ ಬಯಲು ಅದಲ್ಲ.

ಡೆಕ್ಕನಿ: ಉಣ್ಣೆ, ಮಾಂಸ, ಗೊಬ್ಬರ

ಕರಿ ಕುರಿ, ಜವಾರಿ ಕುರಿ ಎಂದು ಕರೆಯುವ ಡೆಕ್ಕನಿಯ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಇದನ್ನು ಬಿಟ್ಟುಕೊಡುವ ಆತುರದಲ್ಲಿ ನಾವು ಏನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ಲೆಕ್ಕಕ್ಕೆ ಸಿಗುತ್ತಿಲ್ಲ.

ಬೆಳೆದ ಟಗರು 38ರಿಂದ 40 ಕೆಜಿ, ಹೆಣ್ಣು 28ರಿಂದ 30 ಕೆಜಿ ತೂಗುತ್ತದೆ. ಕಾಗದದ ಮೇಲೆ ಇದು ಚಿಕ್ಕ ಕುರಿ. ಆದರೆ ಗೋಕಾಕ, ರಾಯಬಾಗ, ಹುಕ್ಕೇರಿ ಕಡೆಯ ಕುರುಬರ ಹಿಂಡುಗಳು ಮಳೆ, ಬೆಳೆ ನೋಡಿಕೊಂಡು ತಿಂಗಳುಗಟ್ಟಲೆ ಊರೂರು ಸುತ್ತುವಾಗ, ರಾತ್ರಿ ಬಯಲಲ್ಲೇ ಮಲಗುವಾಗ ಆ ಮೈಮೇಲಿನ ಉಣ್ಣೆಯೇ ಕುರಿಗೆ ಕೊಡೆ, ಅದೇ ಹೊದಿಕೆ. ಜಿಟಿಜಿಟಿ ಮಳೆಯಲ್ಲಿ, ಪುಷ್ಯದ ಚಳಿಯಲ್ಲಿ ಉಣ್ಣೆಯಿಲ್ಲದ ಕೂದಲ ತಳಿಯ ಮರಿಗಳು ನಡುಗಿ ನ್ಯುಮೋನಿಯಾಕ್ಕೆ ಬಲಿಯಾಗುವ ಕಡೆ ಡೆಕ್ಕನಿ ಮರಿ ತಾಳಿಕೊಳ್ಳುತ್ತದೆ. ಉಣ್ಣೆ ಮಾರಿ ಬರುವ ದುಡ್ಡನ್ನಷ್ಟೇ ಲೆಕ್ಕ ಹಾಕುವವರು ಈ ಉಳಿತಾಯವನ್ನು ಎಣಿಸುವುದಿಲ್ಲ. ಸಾಯದ ಮರಿಯೂ ಆದಾಯವೇ.

ಈಗ ಉಣ್ಣೆಯ ಮಾರುಕಟ್ಟೆ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಎಲ್ಲ ಉಣ್ಣೆಯನ್ನೂ ಒಂದೇ ಗಂಟು ಕಟ್ಟಿ ದಲ್ಲಾಳಿಗೆ ಹಾಕಿದರೆ ಕತ್ತರಿಸಿದವರ ಕೂಲಿಯೂ ಗಿಟ್ಟುವುದಿಲ್ಲ, ಅದಕ್ಕೇ ಎಷ್ಟೋ ಕಡೆ ಹೊಲದ ಬದುವಿನಲ್ಲೇ ಬಿಸಾಡಿ ಹೋಗುತ್ತಾರೆ. ಬಿಸಾಡುವ ಮೊದಲು ಮೂರು ಕೆಲಸ ಮಾಡಿ ನೋಡಿ. ಮೊದಲನೆಯದು, ಮರಿಗಳ ಮೊದಲ ಸಲದ ಉಣ್ಣೆಯನ್ನು ಬೇರೆಯೇ ಇಡಿ. ಅದು ಇಡೀ ಆಯುಷ್ಯದಲ್ಲಿ ಆ ಕುರಿ ಕೊಡುವ ಅತ್ಯಂತ ನಯ ಉಣ್ಣೆ, ಒಳ್ಳೆಯ ಕಂಬಳಿ ನೇಯುವವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಎರಡನೆಯದು, ಕತ್ತರಿಸುವ ಹಿಂದಿನ ದಿನ ಹಳ್ಳದಲ್ಲಿ ಕುರಿಯ ಮೈ ತೊಳೆಸಿ ಒಣಗಿಸಿ. ಮಣ್ಣು, ಹಿಕ್ಕೆ, ಬೆವರಿನ ಜಿಡ್ಡು ಹೋದ ಉಣ್ಣೆಗೆ ಮಾತಾಡುವ ಬಲ ಬರುತ್ತದೆ. ಮೂರನೆಯದು, ಹೊಟ್ಟೆ, ಕಾಲು, ಬಾಲದ ಸುತ್ತಿನ ಉಣ್ಣೆಯನ್ನು ಬೆನ್ನು ಭುಜದ ಉಣ್ಣೆಗೆ ಬೆರೆಸಬೇಡಿ. ಅಪ್ಪಟ ಕಪ್ಪು, ಕಂದುಗಪ್ಪು, ಬೂದು ಎಂದು ಬಣ್ಣ ಬೇರ್ಪಡಿಸಿದರೆ ಇನ್ನೂ ಒಳ್ಳೆಯದು. ಬಣ್ಣ ಹಾಕದ ಹುಟ್ಟುಗಪ್ಪಿನ ಕಂಬಳಿ, ಜಮಖಾನೆ, ಕೂರುವ ಹಾಸುಗಳಿಗೆ ಪಟ್ಟಣಗಳಲ್ಲಿ ಕೇಳುವವರಿದ್ದಾರೆ. ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಕರಿ ಕಂಬಳಿ ಬೀರಪ್ಪನ ಗುಡಿಯಿಂದ ಮದುವೆಯ ಹಾಸಿನವರೆಗೆ ನಮ್ಮಲ್ಲಿ ಈಗಲೂ ಬೇಕಾದ ವಸ್ತು. ನಿಮ್ಮ ಊರಿನಿಂದ ಹೋಗಿಬರುವ ದೂರದಲ್ಲಿ ಒಬ್ಬ ನೇಕಾರ ಇದ್ದರೆ ಅವರ ಜೊತೆ ನೇರ ಮಾತಾಡಿ.

ಏನೂ ಮಾರಾಟವಾಗದ ಉಣ್ಣೆಗೆ ಇನ್ನೊಂದು ದಾರಿ ಉಂಟು. ಉಣ್ಣೆಯ ತೂಕದಲ್ಲಿ ಶೇ 16ರಷ್ಟು ಸಾರಜನಕ. ಕೊಳೆಯುವುದು ನಿಧಾನ, ನೀರು ಹಿಡಿದಿಟ್ಟುಕೊಳ್ಳುವ ಗುಣವೂ ಇದೆ. ಇಂಡಿ ಕಡೆಯ ಲಿಂಬೆ, ತಿಕೋಟಾ ಕಡೆಯ ದ್ರಾಕ್ಷಿ, ಬಾಗಲಕೋಟೆಯ ದಾಳಿಂಬೆ ಗಿಡಗಳ ಬುಡದಲ್ಲಿ ಮಣ್ಣಿನಡಿ ಒಂದು ಪದರ ಹಾಸಿದರೆ ಬಿಸಾಡಿದ ಮಾಲಿಗೆ ಬೆಲೆ ಬಂದಂತಾಗುತ್ತದೆ.

ಗೊಬ್ಬರದ ಆದಾಯವನ್ನೂ ಮರೆಯಬಾರದು. ರಾತ್ರಿ ಹೊಲದಲ್ಲಿ ಕುರಿ ಕೂಡಿಸಿದ್ದಕ್ಕೆ ಹೊಲದವರು ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ನಡೆಯುವ ಹಿಂಡಿಗೆ ಮಾತ್ರ ಸಿಗುವ ಆದಾಯ ಇದು, ನಡೆಯುವುದರಲ್ಲಿ ಡೆಕ್ಕನಿಯನ್ನು ಮೀರಿಸುವ ತಳಿಯನ್ನು ನಾನು ಈ ಭಾಗದಲ್ಲಿ ಕಂಡಿಲ್ಲ.

ಇದರ ಕೊರತೆಯೂ ಸ್ಪಷ್ಟ. ಮರಿ ನಿಧಾನ ಬೆಳೆಯುತ್ತದೆ. ಬಹುತೇಕ ಒಂದೇ ಮರಿ. ಸಂತೆಯಲ್ಲಿ ನಿಲ್ಲಿಸಿದಾಗ ಎತ್ತರದ ಬಿಳಿ ಟಗರಿನ ಪಕ್ಕ ಕರಿ ಟಗರು ಕಣ್ಣಿಗೆ ಚಿಕ್ಕದಾಗಿ ಕಂಡು ದರ ಇಳಿಯುತ್ತದೆ.

ಮಾಂಸಕ್ಕೇ ನಿಂತ ತಳಿಗಳು

ಬಾಗಲಕೋಟೆ ಜಿಲ್ಲೆಯಲ್ಲಿ ಹೆಸರಾದ ಎಳಗ ಉದ್ದ ಕಾಲಿನ, ಎತ್ತರದ ಕುರಿ. ಮೈಮೇಲೆ ಉಣ್ಣೆಗಿಂತ ಕೂದಲೇ ಜಾಸ್ತಿ, ಕತ್ತರಿಯ ಖರ್ಚಿಲ್ಲ. ಅಮೀನಗಡ, ಕೆರೂರ ಸಂತೆಗೆ ಹೋದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಹುನಗುಂದ, ಬಾದಾಮಿ, ಬೀಳಗಿ ಭಾಗದಲ್ಲಿ ಹಗಲು ಮೇಯಿಸಿ ಸಂಜೆ ಮನೆಗೆ ತರುವವರಿಗೆ ನನ್ನ ಮೊದಲ ಸಲಹೆ ಇದೇ. ಮರಿ ಅಲ್ಲಿಯೇ ಸಿಗುತ್ತದೆ, ಹವೆ ಅದೇ, ಮಾರಲು ಸಂತೆ ಹತ್ತಿರ.

ಮಾಡಗ್ಯಾಳ ಗಡಿಯಾಚೆಯ ತಳಿ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರಿನ ಹೆಸರನ್ನೇ ಹೊತ್ತದ್ದು. ಜತ್ತ ನಮ್ಮ ಅಥಣಿಗೂ ವಿಜಯಪುರಕ್ಕೂ ಹೊಂದಿಕೊಂಡೇ ಇರುವುದರಿಂದ ಕುರಿಗಳ ಓಡಾಟ ಹಿಂದಿನಿಂದಲೂ ಇದೆ. ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ, ಉದ್ದನೆಯ ಕಿವಿ, ಎತ್ತರದ ನಿಲುವು. ಮರಿ ಬೇಗ ಬೆಳೆಯುತ್ತದೆ. ತೊಂದರೆ ಏನೆಂದರೆ ಮೂಗಿನ ಬಾಗು ನೋಡಿ ಲಕ್ಷಗಟ್ಟಲೆ ಬೆಲೆ ಕಟ್ಟುವ ಶೋಕಿ ಇದರ ಹಿಂದೆ ಬಿದ್ದಿದೆ. ಮಾಂಸಕ್ಕೆ ಸಾಕುವವರಿಗೆ ಮೂಗಿನ ಬಾಗಿನಿಂದ ಒಂದು ತೊಲ ಮಾಂಸವೂ ಹೆಚ್ಚಾಗುವುದಿಲ್ಲ. ಮೂರು ತಿಂಗಳಲ್ಲಿ ಮರಿ ಎಷ್ಟು ತೂಗಿತು, ತಾಯಿಗೆ ಹಾಲು ಎಷ್ಟಿದೆ, ಅದನ್ನು ಕೇಳಿ ಕೊಳ್ಳಿ. ಶೋಕಿಯ ಬೆಲೆಗೆ ಕೊಂಡ ಟಗರಿನ ದುಡ್ಡು ಮಾಂಸ ಮಾರಿ ವಾಪಸ್ ಬರುವುದಿಲ್ಲ.

ರಾಯಚೂರು, ಕೊಪ್ಪಳದ ಕೆಂಗುರಿ ಕೆಂಪು ಕಂದು ಬಣ್ಣದ ಗಟ್ಟಿ ಕುರಿ, ಬಿಸಿಲಿಗೆ ಬಗ್ಗದು. ಸಿಂದಗಿ, ಮುದ್ದೇಬಿಹಾಳದ ಕಡೆಯವರಿಗೆ ಅದು ಹೊರಗಿನ ತಳಿ ಅನ್ನಿಸುವುದೇ ಇಲ್ಲ.

ಡಾರ್ಪರ್ ಬಗ್ಗೆ ಈಚೆಗೆ ಬಹಳ ಕೇಳುತ್ತಾರೆ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾರ್ಸೆಟ್ ಹಾರ್ನ್ ಮತ್ತು ಕಪ್ಪು ತಲೆಯ ಪರ್ಷಿಯನ್ ಕುರಿ ಕೂಡಿಸಿ ಮಾಡಿದ ಮಾಂಸದ ತಳಿ. ಮೈ ತುಂಬಿದ ಮರಿ ಬರುತ್ತದೆ ನಿಜ, ಮಿಶ್ರತಳಿಯ ಮೊದಲ ತಲೆಮಾರು ಶೆಡ್ಡಿನಲ್ಲಿ ಚೆನ್ನಾಗಿ ತೂಗುತ್ತದೆ. ಆದರೆ ಈಗ ಮಾರಾಟ ನಡೆಯುತ್ತಿರುವುದು ಹೆಚ್ಚಾಗಿ ತಳಿಯ ಮರಿಗಳದ್ದು, ಮಾಂಸದ್ದಲ್ಲ. ನಿಮ್ಮಿಂದ ದುಬಾರಿ ಮರಿ ಕೊಳ್ಳುವವರು ಮುಂದೆ ಸಿಗುತ್ತಾರೆ ಎಂಬ ನಂಬಿಕೆಯ ಮೇಲೆ ಸಾಲ ಮಾಡಬೇಡಿ. ಕಟುಕರ ದರದಲ್ಲಿ ಲೆಕ್ಕ ಹಾಕಿ, ಆಗಲೂ ಲಾಭ ಕಂಡರೆ ಮುಂದುವರಿಯಿರಿ.

ಅವಳಿ ಮರಿಯ ನಾರಿ ಸುವರ್ಣ

ಡೆಕ್ಕನಿಯ ಒಂದು ಮರಿಯ ಕೊರತೆಗೆ ನಮ್ಮ ನೆರೆಯಲ್ಲೇ ಹುಡುಕಿದ ಪರಿಹಾರ ನಾರಿ ಸುವರ್ಣ ಎಂಬ ತಳಿ. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ, ಬಂಗಾಳದ ಸುಂದರಬನದ ಗಾರೋಲ್ ಎಂಬ ಪುಟ್ಟ ಕುರಿಯಲ್ಲಿರುವ ಅವಳಿ ಮರಿಯ ವಂಶವಾಹಿಯನ್ನು ಡೆಕ್ಕನಿಗೆ ತಂದು ಕೂಡಿಸಿತು. ಆಸ್ಟ್ರೇಲಿಯಾದ ಬೂರೂಲಾ ಮೆರಿನೋದಲ್ಲೂ ಇದೇ ವಂಶವಾಹಿ ಇದೆ. 1792-93ರಲ್ಲಿ ಕಲ್ಕತ್ತಾದಿಂದ ಹಡಗು ಹತ್ತಿದ ಬಂಗಾಳದ ಕುರಿಗಳಿಂದ ಅದು ಅಲ್ಲಿಗೆ ಹೋಗಿರಬೇಕು ಎಂಬುದು ತಳಿತಜ್ಞರ ಮಾತು. ನಮ್ಮ ನೆಲದ ಗುಣವೇ ಲೋಕ ಸುತ್ತಿ ಹೆಸರು ಮಾಡಿದ್ದು ನನಗಂತೂ ಬಹಳ ಹೆಮ್ಮೆ ತರುತ್ತದೆ.

ಈ ವಂಶವಾಹಿ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ರಕ್ತದ ಡಿಎನ್‌ಎ ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಪರೀಕ್ಷೆಯ ಕಾಗದ ಇಲ್ಲದೆ 'ಸುವರ್ಣ' ಎಂದು ಮಾರುವ ಟಗರನ್ನು ಮಾಮೂಲಿ ಟಗರಿನ ಬೆಲೆಗೆ ಮಾತ್ರ ಕೇಳಿ.

ಅವಳಿ ಮರಿ ಎಲ್ಲರಿಗೂ ವರವಲ್ಲ. ಗಬ್ಬದ ಕೊನೆಯ ಆರು ವಾರ ತಾಯಿಗೆ ಹಿಂಡಿ, ಕಾಳು ಹಾಕದಿದ್ದರೆ ಹಾಲು ಸಾಲದೆ ಎರಡು ಮರಿಯಲ್ಲಿ ಒಂದು ಸೊರಗಿ ಸಾಯುತ್ತದೆ. ದಿನಾ ಹತ್ತಾರು ಮೈಲಿ ನಡೆಯುವ ಹಿಂಡಿನಲ್ಲಿ ಅವಳಿ ಹೊತ್ತ ಕುರಿ ಹಿಂದೆ ಬೀಳುತ್ತದೆ, ಹುಟ್ಟಿದ ಎರಡು ಮರಿಗಳನ್ನು ಕುರಿಗಾರ ಹೆಗಲ ಮೇಲೆ ಹೊರಬೇಕಾಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ: ಮನೆಯಲ್ಲಿ ಇಪ್ಪತ್ತು ಮೂವತ್ತು ಕುರಿ ಕಟ್ಟಿಕೊಂಡು ಹೆಣ್ಣುಮಕ್ಕಳು ಮುಂದೆ ನಿಂತು ನೋಡಿಕೊಳ್ಳುವ ಕಡೆ ಇದು ಬಂಗಾರ. ಅಲೆಮಾರಿ ಹಿಂಡಿಗೆ ಬೇಡ.

ಊರು ನೋಡಿ ತಳಿ

ಖಾನಾಪುರದ ಘಟ್ಟದಂಚಿನಲ್ಲಿ ಮಳೆಗಾಲವಿಡೀ ನೆಲ ಆರುವುದಿಲ್ಲ. ಗೊರಸು ಕೊಳೆಯುವುದು, ಜಂತು ಹೆಚ್ಚುವುದು ಅಲ್ಲಿ ತಪ್ಪದ ಕಾಟ. ರೋಮ್ನಿಯ ಗುಣ ಕೇಳಿದಾಗ ಆಸೆ ಹುಟ್ಟುವುದೂ ಅಲ್ಲಿಯವರಿಗೇ. ಆದರೆ ಕೆಂಟ್‌ನ ಹಸಿ ತಂಪಿನದು, ಖಾನಾಪುರದ ಹಸಿ ಬೆಚ್ಚನೆಯದು. ಅಲ್ಲಿ ಕುರಿ ಸಾಕಲೇಬೇಕೆಂದರೆ ನೆಲದಿಂದ ಎತ್ತರಿಸಿದ ಅಟ್ಟದ ಶೆಡ್ಡು ಕಟ್ಟಿ, ಮಳೆಗಾಲ ಮುಗಿಯುವವರೆಗೆ ಒಳಗೇ ಮೇವು ಹಾಕಿ. ನಿಜ ಹೇಳಬೇಕೆಂದರೆ ಆ ಸೀಮೆಗೆ ಕುರಿಗಿಂತ ಎಮ್ಮೆ ವಾಸಿ.

ಚಿಕ್ಕೋಡಿ, ರಾಯಬಾಗ, ಜಮಖಂಡಿ, ಮುಧೋಳದ ನೀರಾವರಿ ಸೀಮೆಯಲ್ಲಿ ಕಬ್ಬು ಬಂದ ಮೇಲೆ ಮೇಯುವ ಬಯಲು ಕರಗಿದೆ. ಅಲ್ಲಿ ನಿಂತು ಮೇಯುವ ಸಾಕಣೆಯೇ ನಡೆಯುವುದು. ಬದುವಿಗೆ ನುಗ್ಗೆ, ಸುಬಾಬುಲ್, ಒಂದೆರಡು ಗುಂಟೆ ಕುದುರೆ ಮಸಾಲೆ ಸೊಪ್ಪು ಹಚ್ಚಿ ನಾರಿ ಸುವರ್ಣ ಅಥವಾ ಮಾಡಗ್ಯಾಳ ಸಾಕಬಹುದು. ಕಬ್ಬಿನ ರವದಿಯೊಂದನ್ನೇ ನಂಬಬೇಡಿ, ಅದರಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇನ್ನೊಂದು ಎಚ್ಚರಿಕೆ: ದನಗಳಿಗೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿರುವ ತಾಮ್ರದ ಪ್ರಮಾಣ ಕುರಿಯ ಯಕೃತ್ತಿಗೆ ವಿಷ, ತಿಂಗಳುಗಟ್ಟಲೆ ಏನೂ ಕಾಣದೆ ಒಮ್ಮೆಲೇ ಸಾಯುತ್ತವೆ.

ವಿಜಯಪುರ, ಬಸವನಬಾಗೇವಾಡಿ, ಸಿಂದಗಿಯ ಎರೆ ಬಯಲಲ್ಲಿ ಮಳೆ ಕಡಿಮೆ. ಆದರೆ ಜೋಳದ ಕಣಿಕಿ, ಕಡಲೆ ಹೊಟ್ಟು, ತೊಗರಿ ಹೊಟ್ಟು ಧಾರಾಳ. ಸುಗ್ಗಿಯ ನಂತರ ನಾಲ್ಕು ತಿಂಗಳು ಹೊಲವೇ ಮೇವು. ಡೆಕ್ಕನಿ, ಕೆಂಗುರಿ ಎರಡೂ ಇಲ್ಲಿ ನಿಲ್ಲುತ್ತವೆ. ರಾತ್ರಿ ಹೊಲದಲ್ಲಿ ಕೂಡಿಸುವವರು ಡೆಕ್ಕನಿ, ಸಂಜೆ ಹಟ್ಟಿಗೆ ತರುವವರು ಕೆಂಗುರಿ ಅಥವಾ ಮಾಡಗ್ಯಾಳ ಆರಿಸಿಕೊಳ್ಳಲಿ.

ದೊಡ್ಡ ಘಟಕ ಮಾಡುವವರಿಗೆ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು 5 ಟಗರಿನಿಂದ 500 ಹೆಣ್ಣು 25 ಟಗರಿನವರೆಗೆ ಶೇ 50ರ ಸಹಾಯಧನ ಇದೆ. ನಡೆಯುವ ಹಿಂಡು ನಡೆಸಿ ಅನುಭವ ಇಲ್ಲದವರು ಸಹಾಯಧನ ಸಿಗುತ್ತದೆಂದು ನೂರು ಕುರಿಯಿಂದ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. 20 ಹೆಣ್ಣು, 1 ಟಗರು, ಎರಡು ವರ್ಷ. ಆಮೇಲೆ ಅರ್ಜಿ.

ಲೆಸ್ಟರ್ ಕುರಿಯಿಂದ ಕಲಿಯಬೇಕಾದದ್ದು

ವಿದೇಶಿ ಕುರಿ ಬೇಡ, ಆದರೆ ಅದನ್ನು ಬೆಳೆಸಿದ ಕ್ರಮ ನಮಗೆ ಬೇಕು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಡಿಷ್ಲಿ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಲೆಸ್ಟರ್ ಕುರಿಯನ್ನು ತಿದ್ದಿದ. ಅವನು ಒಳ್ಳೆಯ ಟಗರನ್ನು ಮಾರುತ್ತಿರಲಿಲ್ಲ, ಒಂದು ಹಂಗಾಮಿನ ಮಟ್ಟಿಗೆ ಬೇರೆ ರೈತರಿಗೆ ಬಾಡಿಗೆಗೆ ಕೊಡುತ್ತಿದ್ದ. ಬೇರೆ ಬೇರೆ ಹಿಂಡುಗಳಲ್ಲಿ ಹುಟ್ಟಿದ ಮರಿಗಳನ್ನು ನೋಡಿ, ಯಾವ ಟಗರಿನ ಮರಿ ಚೆನ್ನಾಗಿ ಬಂದವೋ ಅದನ್ನು ತನ್ನ ಹಿಂಡಿಗೆ ವಾಪಸ್ ತಂದುಕೊಳ್ಳುತ್ತಿದ್ದ. ಟಗರಿನ ಬೆಲೆ ಅದರ ಮೈಯಲ್ಲಿಲ್ಲ, ಅದರ ಮರಿಯಲ್ಲಿದೆ ಎಂಬ ಲೆಕ್ಕ ಅವನದು.

ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಹಿಂಡಿನಲ್ಲಿ ಚೆನ್ನಾಗಿ ಮೈಗೂಡಿದ ಟಗರುಮರಿಗೆ ಬಕ್ರೀದಿಗೆ ಮೊದಲು ಒಳ್ಳೆಯ ದರ ಬರುತ್ತದೆಂದು ಮಾರಿಬಿಡುತ್ತೇವೆ. ಉಳಿದ ಪೀಚು ಟಗರು ಹಿಂಡಿಗೆ ಬೀಜವಾಗುತ್ತದೆ. ಹತ್ತು ವರ್ಷ ಹೀಗೆ ನಡೆದರೆ ಡೆಕ್ಕನಿ ಸಣ್ಣದಾಗದೆ ಇನ್ನೇನಾದೀತು? ತಳಿಯ ಮೇಲೆ ದೂರು ಹಾಕುವ ಮೊದಲು ಇದನ್ನು ನಿಲ್ಲಿಸಬೇಕು. ಒಂದು ಊರಿನ ನಾಲ್ಕೈದು ಕುರಿಗಾರರು ಕೂಡಿ ಒಳ್ಳೆಯ ಕರಿ ಟಗರುಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡು, ಎರಡು ವರ್ಷಕ್ಕೊಮ್ಮೆ ಬದಲಿಸಿಕೊಂಡರೆ ರಕ್ತಸಂಬಂಧದ ತೊಡಕೂ ತಪ್ಪುತ್ತದೆ, ಟಗರಿನ ಪರೀಕ್ಷೆಯೂ ಆಗುತ್ತದೆ. ಮೂರು ತಿಂಗಳ ಮರಿಯ ತೂಕವನ್ನೂ ಮೊದಲ ಉಣ್ಣೆಯ ತೂಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಉಣ್ಣೆಗೆಂದು ಆರಿಸುವಾಗ ಭುಜದ ಮೇಲಿನ ಉಣ್ಣೆ ಬಿಡಿಸಿ ನೋಡಿ: ಬುಡದವರೆಗೆ ಒಂದೇ ಕಪ್ಪು ಇರಬೇಕು, ಬಿಳಿ ಬಿರುಗೂದಲು ಬೆರೆತಿರಬಾರದು, ಒಂದು ಎಳೆ ಕಿತ್ತು ಎಳೆದರೆ ಪಟ್ಟನೆ ತುಂಡಾಗಬಾರದು.

ಕೊಳ್ಳುವ ಹೊತ್ತು, ಕೊಂಡ ಮೇಲೆ

ಕೊಳ್ಳಲು ದೀಪಾವಳಿಯ ನಂತರದ ಕಾಲ ಒಳ್ಳೆಯದು. ಮಳೆಯ ರೋಗಗಳು ತಗ್ಗಿರುತ್ತವೆ, ಹೊಲಗಳಲ್ಲಿ ಮೇವು ಸಿಗತೊಡಗುತ್ತದೆ, ಬೇಸಿಗೆ ಬರುವ ಹೊತ್ತಿಗೆ ಕುರಿ ನಿಮ್ಮ ನೀರು ಗಾಳಿಗೆ ಹೊಂದಿಕೊಂಡಿರುತ್ತದೆ. ಬಕ್ರೀದ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಅದರ ಮುಂಚಿನ ಎರಡು ತಿಂಗಳು ಟಗರು ಕೊಳ್ಳಬೇಡಿ, ಮಾರಿ.

ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡಿ. ಹಾಲುಹಲ್ಲು ಉದುರಿ ಎರಡರಿಂದ ನಾಲ್ಕು ದೊಡ್ಡ ಹಲ್ಲು ಬಂದ ಹೆಣ್ಣು ಕೊಳ್ಳಿ. ಕೆಚ್ಚಲು ಹಿಚುಕಿ ಗಂಟು ಇದೆಯೇ ನೋಡಿ, ಗೊರಸಿನ ಸಂದು ಮೂಸಿ ನೋಡಿ, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಜಂತು ಇದೆ ಎಂದು ತಿಳಿಯಿರಿ. ಟಗರಿನ ಎರಡೂ ಬೀಜ ಸಮನಾಗಿ, ಗಟ್ಟಿಯಾಗಿ ಇರಬೇಕು.

ತಂದವನ್ನು ಮೂರು ವಾರ ಹಳೆಯ ಕುರಿಗಳಿಂದ ದೂರ ಕಟ್ಟಿ. ಪಶು ಆಸ್ಪತ್ರೆಯವರನ್ನು ಕರೆಸಿ ಪಿಪಿಆರ್ (ಕುರಿ, ಮೇಕೆಗಳ ಪ್ಲೇಗು), ಕರುಳುಬೇನೆ, ಕುರಿ ಸಿಡುಬಿನ ಲಸಿಕೆ ಯಾವುದು ಆಗಿದೆ, ಯಾವುದು ಬಾಕಿ ಎಂದು ಕೇಳಿ ಹಾಕಿಸಿ, ಜಂತಿನ ಔಷಧಿ ಕುಡಿಸಿ. ನೀಲಿ ನಾಲಿಗೆಯ ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಬೇಕು. ಕುರಿ ಸತ್ತರೆ ಪರಿಹಾರ ಕೊಡುವ ರಾಜ್ಯದ ಅನುಗ್ರಹ ಯೋಜನೆಗೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ, ಆದ್ದರಿಂದ ಸತ್ತ ಕುರಿಯನ್ನು ವೈದ್ಯರು ನೋಡುವ ಮುಂಚೆ ಹೂಳಬೇಡಿ. ಮೂರು ವಾರ ಕಳೆದ ಮೇಲೆ ಕೆಮ್ಮು, ಮೂಗಿನ ಸಿಂಬಳ, ಕುಂಟು ಯಾವುದೂ ಇಲ್ಲವೆಂದರೆ ಹೊಸ ಕುರಿಗಳನ್ನು ಹಿಂಡಿಗೆ ಬಿಡಿ.